ನಾಗರತ್ನಾಳ ಪಿಂಚಣಿಯಲ್ಲಿ ಗಂಡನ ಹೆಸರು

ದೇವದುರ್ಗದ ನಾಗರತ್ನಾ ನಿವೃತ್ತಿಯಾದ ಮೇಲೆ ಒಂದು ಗಳಿಗೆಯೂ ನೆಮ್ಮದಿಯಾಗಿ ಕೂತವಳಲ್ಲ. ಊರಿನ ಖಾಸಗಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿ ದುಡಿದಿದ್ದಳು. ಪಿಎಫ್, ಉಳಿತಾಯ ಎಲ್ಲ ಸೇರಿ ಬಂದ ಹಣವನ್ನು ಜೊತೆಯವರ ಮಾತು ಕೇಳಿ ಮ್ಯೂಚುವಲ್ ಫಂಡಿಗೆ ಹಾಕಿದಳು. ಅಲ್ಲಿಂದ ಶುರುವಾಯಿತು ಸಂಕಟ. ಒಲೆಯ ಮೇಲೆ ಹಾಲಿಟ್ಟು ಫೋನಿನಲ್ಲಿ ಫಂಡಿನ ಬೆಲೆ ನೋಡುವಳು, ಹಾಲು ಉಕ್ಕಿ ಹೋಗುವುದು. ರೊಟ್ಟಿ ಬಡಿಯುವ ಹಿಟ್ಟಿನ ಕೈಯಲ್ಲೇ ಮತ್ತೆ ನೋಡುವಳು.

ಒಂದು ವಾರ ಷೇರು ಮಾರುಕಟ್ಟೆ ಕುಸಿಯಿತು. ಗಾಬರಿಯಾಗಿ ಎಲ್ಲ ಮಾರಿದಳು. ಕೈಗೆ ಬಂದದ್ದು ಹದಿನೇಳು ಲಕ್ಷ. ಅಷ್ಟನ್ನೂ ಒಬ್ಬ ವಿಮಾ ಏಜೆಂಟನ ಮೂಲಕ ಪಿಂಚಣಿ ಪಾಲಿಸಿಗೆ ಕಟ್ಟಿದಳು. ಒಮ್ಮೆ ಕಟ್ಟಿದರೆ ಬದುಕಿರುವವರೆಗೆ ತಿಂಗಳು ತಿಂಗಳು ಹಣ ಬರುವ ಈ ವ್ಯವಸ್ಥೆಗೆ ವರ್ಷಾಶನ ಎನ್ನುತ್ತಾರೆ. “ಯಾವುದರಾಗ ಹೆಚ್ಚು ಬರ್ತದ?” ಎಂದಷ್ಟೇ ಕೇಳಿ ಸಹಿ ಹಾಕಿದಳು. ಪಾಲಿಸಿಯ ಕಾಗದ, ಅಂದರೆ ಬಾಂಡ್, ಬಂತು. ಓದದೆ ಟ್ರಂಕಿನಲ್ಲಿಟ್ಟಳು.

ಬಾಂಡ್ ಬಂದ ಇಪ್ಪತ್ತೆಂಟನೆಯ ದಿನ ಗಂಡ ಗಡಿಗೆಪ್ಪನಿಗೆ ಕಣ್ಣಿನ ಆಪರೇಷನ್ ಆಗಬೇಕೆಂದು ಡಾಕ್ಟರ್ ಹೇಳಿದರು. ಅರವತ್ತು ಸಾವಿರ ಬೇಕು. ನಾಗರತ್ನಾ ಬಾಂಡ್ ಹಿಡಿದು ಮಾನ್ವಿಯ ಬಸ್ಸು ಹತ್ತಿದಳು. ಅಲ್ಲಿ ಬ್ಯಾಂಕಿನಿಂದ ನಿವೃತ್ತಳಾದ ಗೆಳತಿ ಮುಸರ್ರತ್ ಇದ್ದಳು.

“ಮೊದಲು ಕೂಡು ಬೇ, ಉಸಿರು ತಗೋ,” ಎಂದಳು ಮುಸರ್ರತ್.

“ಕೂಡಾಕ ಟೈಮ್ ಇಲ್ಲ. ಇದರಾಗಿನ ಅರವತ್ತು ಸಾವಿರ ತೆಗೆಸಿಕೊಡು.”

ಮುಸರ್ರತ್ ಕನ್ನಡಕ ಹಾಕಿಕೊಂಡು ಪ್ರತಿ ಹಾಳೆ ಓದಿದಳು. “ಇದು ಬ್ಯಾಂಕಿನ ಖಾತಿ ಅಲ್ಲವ್ವಾ. ಬೇಕಂದಾಗ ತೆಗೀಲಿಕ್ಕೆ ಬರಂಗಿಲ್ಲ. ಇನ್ನೊಂದು ಕೇಳ್ತೀನಿ. ನಿನ್ನ ಬಳಿಕ ಗಡಿಗೆಪ್ಪಣ್ಣಗ ಏನು ಬರ್ತದ?”

“ಇದೇ ಬರ್ತದಲ್ಲ?”

“ಇಲ್ಲ. ನೀ ಇರೋತನಕ ಅಷ್ಟೆ. ಆಮ್ಯಾಲ ಅವರಿಗಿ ಒಂದು ರೂಪಾಯಿನೂ ಇಲ್ಲ. ಅದಕ್ಕ ಇದರಾಗ ಹೆಚ್ಚು ಕೊಡ್ತಾರ.”

ನಾಗರತ್ನಾ ಎದ್ದಳು, ಕೂತಳು, ಮತ್ತೆ ಎದ್ದಳು. ಆಸ್ಪತ್ರೆಯಲ್ಲಿ ಎಷ್ಟೋ ಸಾವು ಕಂಡವಳಿಗೆ ತನ್ನ ಸಾವಿನ ನೆನಪೇ ಬಂದಿರಲಿಲ್ಲ. ಮಸುಕುಗಣ್ಣಿನ ಗಂಡ ಒಬ್ಬನೇ ಗೋಡೆ ಹಿಡಿದು ಅಡುಗೆಮನೆಗೆ ಹೋಗುವುದು ಕಣ್ಣಿಗೆ ಕಟ್ಟಿತು.

“ಮುಳುಗಿದೆನಾ ಮುಸರ್ರತ್?”

“ಇನ್ನಾ ಇಲ್ಲ. ಬಾಂಡ್ ಕೈಗೆ ಬಂದ ಮೂವತ್ತು ದಿನದಾಗ ಬ್ಯಾಡ ಅಂತ ವಾಪಸ್ ಮಾಡಬಹುದು. ಸಣ್ಣ ಕಡಿತ ಆಗ್ತದ, ಉಳಿದಿದ್ದು ಬರ್ತದ. ನಿನಗ ಇನ್ನೆರಡು ದಿನ ಅದಾವ.”

“ಹಂಗಾದ್ರ ಮತ್ತ ಫಂಡಿಗೇ ಹಾಕ್ಲಾ?”

“ಅಲ್ಲಿಂದ ಇಲ್ಲಿಗಿ, ಇಲ್ಲಿಂದ ಅಲ್ಲಿಗಿ ಎಷ್ಟು ಜಿಗೀತಿ? ಮನಿಗಿ ತಿಂಗಳಿಗಿ ಎಷ್ಟು ಬೇಕಾ ಬೇಕು?”

“ಅಕ್ಕಿ, ಕರೆಂಟು, ಇವರ ಔಷಧ... ಆರೂವರೆ ಸಾವಿರ.”

“ಅಷ್ಟು ಬರೋಹಂಗ ಇಬ್ಬರ ಹೆಸರಿಲೆ ವರ್ಷಾಶನ ತಗೋ. ಸ್ವಲ್ಪ ಕಡಿಮಿ ಬರ್ತದ, ಬರಲಿ. ಒಬ್ಬರು ಹೋದ್ರೂ ಇನ್ನೊಬ್ಬರಿಗಿ ನಿಲ್ಲಂಗಿಲ್ಲ. ಎರಡು ಲಕ್ಷ ಬ್ಯಾಂಕಿನಾಗ ಇಡು, ದವಾಖಾನಿಗಿ. ಉಳಿದಿದ್ದು ಫಂಡಿನಾಗ ಇರಲಿ. ಪಿಂಚಣಿ ಇದ್ದಷ್ಟೇ ಇರ್ತದ, ಸಾಮಾನಿನ ರೇಟು ಏರ್ತಾವಲ್ಲ. ಫಂಡಿನ ರೊಕ್ಕ ಐದಾರು ವರ್ಷ ಮುಟ್ಟಬ್ಯಾಡ, ದಿನಾ ನೋಡಲೂ ಬ್ಯಾಡ.”

ಮರುದಿನ ನಾಗರತ್ನಾ ವಿಮಾ ಕಂಪನಿಯ ಕಚೇರಿ ತೆರೆಯುವ ಮೊದಲೇ ರಾಯಚೂರಿನಲ್ಲಿದ್ದಳು. ಅರ್ಜಿ ಕೊಟ್ಟು, ಮೊಹರು ಹಾಕಿದ ರಸೀದಿ ಇಸಿದುಕೊಂಡ ಮೇಲೇ ಒಂದು ಕಪ್ ಚಹಾ ಕುಡಿದಳು. ಹಣ ಮರಳಿತು. ಆಪರೇಷನ್ ಆಯಿತು.

ಹೊಸ ಪಾಲಿಸಿಯ ದಿನ ಗಡಿಗೆಪ್ಪನನ್ನೂ ಕರೆದೊಯ್ದಳು. ಗುಮಾಸ್ತ ಎರಡನೆಯ ಹೆಸರು ಕೇಳಿದಾಗ ಆತ ಹಿಂಜರಿದ. “ದುಡಿದಾಕಿ ನೀನು. ನನ್ನ ಹೆಸರು ಯಾಕ?”

“ನಾ ಇಲ್ಲದಾಗ ನಿಮಗ ರೊಟ್ಟಿ ಯಾರು ಹಾಕ್ತಾರ್ರೀ? ಬರೀರಿ.”

ಗಡಿಗೆಪ್ಪ ಕಾಗದಕ್ಕೆ ಬಗ್ಗಿ ತನ್ನ ಹೆಸರನ್ನು ನಿಧಾನವಾಗಿ, ಪೂರ್ತಿ ಬರೆದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕೈಗೂ ಒಂದು ದಿನ ಇಡಿಗಂಟು ಬರುತ್ತದೆ. ಪೂರ್ತಿ ಒಂದೇ ಕಡೆ ಸುರಿಯಬೇಡಿ. ಸಹಿ ಹಾಕುವ ಮುನ್ನ “ನನ್ನ ನಂತರ ಯಾರಿಗೆ?” ಎಂದು ಕೇಳಿ. ಈಗಾಗಲೇ ಹಾಕಿದ್ದರೆ, ಇವತ್ತೇ ಟ್ರಂಕು ತೆಗೆದು ಆ ಬಾಂಡ್ ಓದಿಸಿಕೊಳ್ಳಿ.