ಓರೆ ಕಾಲರ್

ಅತ್ತೆಯ ಮಾತ್ರೆ ಸರ್ಕಾರಿ ವಿಮೆಯ ಔಷಧ ಪಟ್ಟಿಯಿಂದ ಬಿದ್ದುಹೋಯಿತು. ಬದಲಿಗೆ ಹಳೆಯ ಮಾತ್ರೆ ಕೊಡುತ್ತಾರಂತೆ. ಅದು ಒಗ್ಗುವುದಿಲ್ಲವೆಂದು ಸಾಬೀತಾದರೆ ಮಾತ್ರ ಈಗಿನದು ಮತ್ತೆ ಸಿಗುತ್ತದೆ.

ಆ ಹಳೆಯದರ ರುಚಿ ಅತ್ತೆಗೆ ಗೊತ್ತು. ಅದು ಕಿವಿಯೊಳಗಿನ ದನಿಗಳನ್ನು ಅಡಗಿಸಿತ್ತು, ಜೊತೆಗೆ ಕೈ ನಡುಗಿಸಿತ್ತು. ಬಟ್ಟೆ ಹೊಲಿದು ಮಗನನ್ನು ಓದಿಸುತ್ತಿದ್ದವರು ಸೂಜಿಗೆ ದಾರ ಪೋಣಿಸಲೂ ಒದ್ದಾಡುತ್ತಿದ್ದರು. ಆಮೇಲೆ ಬಂದ ಈ ಮಾತ್ರೆ ಅವರ ಕೈಯನ್ನು ಅವರಿಗೆ ವಾಪಸು ಕೊಟ್ಟಿತು. ಆದರೆ ಆಗ ತೋರಿಸುತ್ತಿದ್ದ ಆಸ್ಪತ್ರೆ ಮುಚ್ಚಿದೆ, ದಾಖಲೆ ಇಲ್ಲ. ಹಾಗಿದ್ದರೆ ಇನ್ನೊಮ್ಮೆ ನುಂಗಿ ನೋಡಲಿ ಎಂದಿತು ವಿಮಾ ಕಚೇರಿ.

"ಬಾವಿಗೆ ಬಿದ್ದು ಎದ್ದು ಬಂದೋಳಿಗೆ, ಆಳ ಎಷ್ಟು ಅಂತ ಇನ್ನೊಂದ್ಸಲ ಬಿದ್ದು ಹೇಳು ಅಂತಾರಲ್ಲ" ಎಂದರು ಅತ್ತೆ, ಹೊಲಿಗೆ ಯಂತ್ರ ತುಳಿಯುತ್ತಲೇ.

ಮೇಲ್ಮನವಿ ಬರೆದೆ. ವಿಚಾರಣೆಗೆ ಕರೆ ಬಂತು. ಹಿಂದಿನ ದಿನ ಗಂಡನ ಬೀರು ತೆಗೆದೆ, ಅವನು ತೀರಿಹೋದಮೇಲೆ ಮೊದಲ ಸಲ. ಏನೂ ಅನ್ನಿಸಲಿಲ್ಲ. ಬೇಕಿದ್ದ ನೀಲಿ ಅಂಗಿ ತಳದಲ್ಲಿತ್ತು. ಕಾಲರ್ ಒಂದು ಕಡೆಗೆ ವಾಲಿದೆ. ಕಾಜಾಗಳು ಗುಂಡಿಗಳ ದಾರಿ ಬಿಟ್ಟು ಅಲೆದಿವೆ. ನಡುಗುವ ಕೈಯಲ್ಲೇ ಅಮ್ಮ ಹೊಲಿದದ್ದೆಂದು ಕಾಲೇಜಿಗೆ ಅದನ್ನೇ ತೊಟ್ಟು ಹೋಗುತ್ತಿದ್ದನಂತೆ. ಯಾರಾದರೂ ನಕ್ಕರೆ ಇದು ಫ್ಯಾಷನ್ ಎನ್ನುತ್ತಿದ್ದನಂತೆ.

ಮರುದಿನ ಅದನ್ನು ವೈದ್ಯಾಧಿಕಾರಿಯ ಮೇಜಿನ ಮೇಲೆ ಹರಡಿದೆ. ಅತ್ತೆ ಮೊನ್ನೆ ಹೊಲಿದ ಅಂಗಿಯೊಂದನ್ನು ಪಕ್ಕದಲ್ಲಿಟ್ಟರು. ಅಧಿಕಾರಿ ಎರಡರ ಹೊಲಿಗೆಯ ಮೇಲೂ ಬೆರಳಾಡಿಸಿದರು. ಹಳೆಯದು ಯಾವಾಗಿನದೆಂದು ಹೇಗೆ ನಂಬುವುದು ಎಂದು ಕೇಳಿದರು. ಗಂಡನ ಕಾಲೇಜು ಗುರುತಿನ ಚೀಟಿ ಇಟ್ಟೆ. ಫೋಟೋದಲ್ಲಿ ಅದೇ ಓರೆ ಕಾಲರ್, ಅದರ ಮೇಲೆ ವರ್ಷದ ಮೊಹರು.

ಆ ವರ್ಷ ಇವರು ಅದೇ ಮಾತ್ರೆ ನುಂಗುತ್ತಿದ್ದರೆನ್ನಲು ಆಧಾರವೇನು ಎಂದರು.

"ನಿಮ್ಮ ಪಟ್ಟಿನೇ ಸಾರ್. ಅತ್ತೆ ಆಗ್ಲೂ ನಿಮ್ಮ ವಿಮೇಲೇ ಇದ್ರು. ಆ ವರ್ಷದ ಪಟ್ಟಿ ಇಲ್ಲಿದೆ. ಈ ಕಾಯಿಲೆಗೆ ಅದರಲ್ಲಿದ್ದಿದ್ದು ಅದೊಂದೇ ಮಾತ್ರೆ."

ಅವರು ಪಟ್ಟಿಯನ್ನು ಎರಡು ಸಲ ಓದಿದರು. ಅವರ ಕೋಟಿನ ಗುಂಡಿಯೊಂದು ಜೋತಾಡುತ್ತಿತ್ತು. ಅದನ್ನು ನೋಡುತ್ತ ಸುಮ್ಮನೆ ಕೂರುವುದು ಅತ್ತೆಯಿಂದ ಆಗಲಿಲ್ಲ. ಚೀಲದಿಂದ ಸೂಜಿ ತೆಗೆದು ಒಂದೇ ಏಟಿಗೆ ದಾರ ಪೋಣಿಸಿದರು.

"ಬಿಚ್ಚಿ ಕೊಡಿ ಡಾಕ್ಟ್ರೇ. ನೀವು ಬರೆಯೋದ್ರೊಳಗೆ ನಂದು ಮುಗಿಯುತ್ತೆ."

ಅವರು ಕೋಟು ಕೊಟ್ಟು ಬರೆಯಲು ಕೂತರು. ಗುಂಡಿಯೇ ಮೊದಲು ಮುಗಿಯಿತು. ಮಾತ್ರೆ ಮಂಜೂರಾಗಿತ್ತು, ವರ್ಷವರ್ಷವೂ ಬಂದು ಕೇಳಬೇಕಿಲ್ಲವೆಂದು ಒಂದು ಸಾಲೂ ಇತ್ತು. ಅಂಗಿಯನ್ನು ಕಡತಕ್ಕೆ ಸೇರಿಸಬೇಕೇ ಎಂದು ಗುಮಾಸ್ತೆ ಕೇಳಿದಳು.

"ಫೋಟೋ ಹೊಡ್ಕೊಳಮ್ಮ. ಅಂಗಿ ನನ್ನ ಸೊಸೇದು" ಎಂದರು ಅತ್ತೆ.

ಹೊರಗೆ ಬಂದಮೇಲೆ, ಆ ಕಾಲರ್ ಬಿಚ್ಚಿ ನೆಟ್ಟಗೆ ಮಾಡಿಕೊಡಲೇ ಎಂದು ಕೇಳಿದರು.

"ಮುಟ್ಟಿದ್ರೆ ನೋಡಿ ಅತ್ತೆ."

ಅವರು ನಕ್ಕರು. ನನಗೂ ನಗು ಬಂತು, ಎಷ್ಟು ಕಾಲದ ಮೇಲೋ. ನಡುಬೀದಿಯಲ್ಲೇ ಅಂಗಿಯನ್ನು ನನ್ನ ಬಟ್ಟೆಯ ಮೇಲೆ ತೊಟ್ಟೆ. ಗುಂಡಿ ಹಾಕಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಬಸ್ ನಿಲ್ದಾಣದಲ್ಲಿ ಒಬ್ಬಾಕೆ ಕಾಲರನ್ನೇ ದಿಟ್ಟಿಸುತ್ತಿದ್ದಳು.

"ಫ್ಯಾಷನ್" ಎಂದೆ.