ಹುಲಿಗೆವ್ವನ ಮೀಸೆ

ನಾನು ಒಂದು ಮೀಸೆ. ನಗಬೇಡಿ, ಅಂತಿಂಥ ಮೀಸೆಯಲ್ಲ, ನಾಟಕದ ರಾಜನ ಮೀಸೆ. ಗದಗಿನ ಬಣ್ಣಗಾರ ಮಹಾಬಳೇಶಪ್ಪ ತೆಳ್ಳನೆಯ ಬಲೆಗೆ ಒಂದೊಂದೇ ಕೂದಲು ಗಂಟು ಹಾಕುತ್ತ ನಾಲ್ಕು ದಿನ ಕೂತು ನನ್ನನ್ನು ಹೆಣೆದ. ತುದಿಗಳಿಗೆ ಮೇಣ ಹಚ್ಚಿ ಮೇಲಕ್ಕೆ ತಿರುವಿದಾಗ ಕನ್ನಡಿಯಲ್ಲಿ ನನ್ನನ್ನು ಕಂಡು ನಾನೇ ಬೆಚ್ಚಿದೆ.

ಹದಿನೆಂಟು ವರ್ಷ ಒಬ್ಬನೇ ನಟನ ತುಟಿಯ ಮೇಲೆ ಊರೂರು ತಿರುಗಿದೆ. ಅವನು ಗುಡುಗಿದರೆ ನಾನು ಕುಣಿಯುತ್ತಿದ್ದೆ. ನಾಟಕ ಕಂಪನಿ ಮುಚ್ಚಿದ ದಿನ, ಅಲ್ಲಿ ರಾಣಿಯ ಪಾತ್ರ ಮಾಡುತ್ತಿದ್ದ ಸುಲೋಚನಾಬಾಯಿ ನನ್ನನ್ನು ಪೌಡರ್ ಡಬ್ಬಿಯಲ್ಲಿಟ್ಟು ಮನೆಗೆ ಒಯ್ದರು.

ಸುಲೋಚನಾಬಾಯಿಯವರಿಗೆ ಸುಮ್ಮನೆ ಕೂರುವುದು ಗೊತ್ತಿರಲಿಲ್ಲ. ಪೌರಕಾರ್ಮಿಕರ ಓಣಿಯ ಸಮುದಾಯ ಭವನದಲ್ಲಿ ಭಾನುವಾರಕ್ಕೊಮ್ಮೆ ಮಕ್ಕಳಿಗೆ ಹಾಡು, ಕುಣಿತ, ನಾಟಕ ಕಲಿಸತೊಡಗಿದರು. ಫೀಸಿನ ಮಾತೇ ಇಲ್ಲ. ಬಂದವರಿಗೆಲ್ಲ ಪಾತ್ರ. ಹನ್ನೆರಡು ವರ್ಷದ ಹುಲಿಗೆವ್ವ ಬಾಯಿ ತೆರೆದರೆ ಭವನದ ಪಾರಿವಾಳಗಳು ಹಾರಿಹೋಗುತ್ತಿದ್ದವು. ರಾಜನ ಪಾತ್ರ ಅವಳಿಗೇ ಬಂತು, ಅವಳ ಜೊತೆ ನನಗೂ.

ಅವಳ ತಾಯಿ ದುರ್ಗವ್ವ ಬೆಳಗಿನ ಕೆಲಸ ಮುಗಿಸಿ, ಪೊರಕೆ ಹಿಡಿದುಕೊಂಡೇ ಬಂದಳು.

"ಬಾಯಾರ, ಹೆಣ್ಣುಹುಡುಗಿ ಮೀಸಿ ಹಚ್ಕೊಂಡು ನಿಂತ್ರ ಮಂದಿ ನಗ್ತಾರ್ರಿ. ಕಸ ಹೊಡಿಯೋರ ಮಗಳಂತ ಮೊದಲ ನಗ್ತಾರ. ಬ್ಯಾಡ್ರಿ."

ಬಾಯಿಯವರು ಅವಳನ್ನು ಚಾಪೆಯ ಮೇಲೆ ಕೂರಿಸಿ ಚಹಾ ಕೊಟ್ಟರು. "ನಗೂ ಮಂದಿ ನಾವು ಹೇಳ್ದಾಗ ನಗೂಹಂಗ ಮಾಡೂದ ನಾಟಕ, ದುರ್ಗವ್ವ. ಒಮ್ಮೆ ಬಂದು ನೋಡು. ಆಮ್ಯಾಲೂ ಬ್ಯಾಡ ಅಂದ್ರ ನಾನು ಒತ್ತಾಯ ಮಾಡೂದಿಲ್ಲ."

ದುರ್ಗವ್ವ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಚಹಾ ಪೂರ್ತಿ ಕುಡಿದಳು.

ಪ್ರದರ್ಶನದ ಸಂಜೆ ಶಾಲೆಯ ಮೈದಾನ ತುಂಬಿತ್ತು. ಮುಂದಿನ ಸಾಲಿನಲ್ಲಿ ಆ ವಾರ್ಡಿನ ಮೆಂಬರು ಹಾರ ಹಾಕಿಸಿಕೊಂಡು ಕೂತಿದ್ದರು. ದುರ್ಗವ್ವ ಎಲ್ಲರ ಹಿಂದೆ, ಸೆರಗು ಬಾಯಿಗೊತ್ತಿ ನಿಂತಿದ್ದಳು. ಹುಲಿಗೆವ್ವ ಸಿಂಹಾಸನ ಏರಿ ಜೋರಾಗಿ ಗುಡುಗಿದಳು. ಆ ಪುಟ್ಟ ತುಟಿ ಬೆವತಿತ್ತು, ಅಂಟು ಹಳೆಯದಾಗಿತ್ತು. ನನ್ನ ಎಡಗಡೆ ಕಿತ್ತುಕೊಂಡಿತು, ಹಿಂದೆಯೇ ಬಲಗಡೆಯೂ. ಹಿಡಿದುಕೊಳ್ಳಲು ನನಗೆ ಕೈಯೆಲ್ಲಿ? ಸೀದಾ ಅವಳ ಪಾದದ ಬಳಿ ಬಿದ್ದೆ.

ಜನ ಗೊಳ್ಳೆಂದರು. ಕೆಳಗಿನಿಂದ ನೋಡಿದೆ. ಅವಳ ಕಣ್ಣು ಗುಂಪಿನಲ್ಲಿ ಅವ್ವನನ್ನು ಹುಡುಕಿತು, ಸಿಕ್ಕಳು. ಆಮೇಲೆ ಹುಲಿಗೆವ್ವ ಬಗ್ಗಿ ನನ್ನನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದಳು.

"ಮಂತ್ರೀ! ಈ ಓಣ್ಯಾಗ ತಿಂಗಳಾತು ನಳಕ್ಕ ನೀರಿಲ್ಲ. ನಾಚಿಕಿ ಆಗಿ ನಮ್ಮ ಮೀಸೀನೂ ಉದುರಿತು! ನೀರು ಬರೂತನಾ ಈ ರಾಜ ಮೀಸಿ ಹಚ್ಚೂದಿಲ್ಲ!"

ಆ ಮಾತು ಬಾಯಿಯವರು ಬರೆದುಕೊಟ್ಟಿದ್ದಲ್ಲ. ಈ ಸಲ ಎಲ್ಲರಿಗಿಂತ ಮೊದಲು ದುರ್ಗವ್ವ ನಕ್ಕಳು, ಸೆರಗು ತೆಗೆದು, ಹೊಟ್ಟೆ ಹಿಡಿದುಕೊಂಡು. ಅವಳ ಹಿಂದೆ ಇಡೀ ಓಣಿ ಚಪ್ಪಾಳೆ ತಟ್ಟಿತು. ಮೆಂಬರು ತಮ್ಮ ಮೀಸೆಯನ್ನೊಮ್ಮೆ ಮುಟ್ಟಿ ನೋಡಿಕೊಂಡರು.

ಹನ್ನೊಂದನೆಯ ದಿನ ನಳದಲ್ಲಿ ನೀರು ಬಂತು. ನನ್ನಿಂದಲೇ ಬಂತೆಂದು ಹೇಳಲಾರೆ, ಆದರೆ ಓಣಿಯವರು ಹಾಗೆಯೇ ಹೇಳುತ್ತಾರೆ. ಮರುಭಾನುವಾರ ದುರ್ಗವ್ವನೇ ಮಗಳನ್ನು ಕರೆತಂದಳು. "ಬಾಯಾರ, ಸಣ್ಣಾಕೀನೂ ಕಲೀತೀನಿ ಅಂತಾಳ" ಎಂದು ಇನ್ನೊಬ್ಬಳನ್ನೂ ಮುಂದೆ ದಬ್ಬಿದಳು.

ಈಗ ನನ್ನ ಕೂದಲು ಉದುರಿ ಬಲೆ ಕಾಣುತ್ತಿದೆ. ಭವನದ ಗೋಡೆಗೂಡಿನಲ್ಲಿ ಹಾಯಾಗಿದ್ದೇನೆ. ಬಾಯಿಯವರಿಗೆ ಮೊಣಕಾಲು ನೋವು, ಕುರ್ಚಿಯಲ್ಲಿ ಕೂತೇ ತಾಳ ಹಾಕುತ್ತಾರೆ. ನಿಂತು ಕಲಿಸುವವಳು ಬೆಳೆದು ದೊಡ್ಡವಳಾದ ಹುಲಿಗೆವ್ವ. ದೊಡ್ಡ ನಟನ ತುಟಿಯ ಮೇಲೆ ಹದಿನೆಂಟು ವರ್ಷ ಬಿಗಿಯಾಗಿ ಕೂತಿದ್ದೆ. ಆತ ಒಂದು ದಿನವೂ ತನ್ನದೆನ್ನುವ ಒಂದು ಮಾತು ಆಡಿದ್ದು ನಾನು ಕೇಳಿಲ್ಲ. ಹಾಗಾಗಿ ಯಾರಾದರೂ ನನ್ನ ಬದುಕಿನ ದೊಡ್ಡ ಪ್ರದರ್ಶನ ಯಾವುದೆಂದು ಕೇಳಿದರೆ, ನಾನು ಬಿದ್ದ ಸಂಜೆಯೇ ಎನ್ನುತ್ತೇನೆ.