ಹತ್ತು ಎಣಿಸುವಷ್ಟು ಮೌನ

ಬಸ್ ನಿಲ್ದಾಣದ ಆ ಕಿಟಕಿಯ ಮೇಲೆ ‘ವಿಚಾರಣೆ’ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಆದರೆ ಇಪ್ಪತ್ತೆರಡು ವರ್ಷಗಳಿಂದ ಅಲ್ಲಿ ಯಾರೂ ಏನನ್ನೂ ಪೂರ್ತಿಯಾಗಿ ವಿಚಾರಿಸಿದ್ದಿಲ್ಲ. ಒಳಗೆ ಕೂತವರು ಅದಕ್ಕೆ ಅವಕಾಶವನ್ನೇ ಕೊಡುತ್ತಿರಲಿಲ್ಲ. ಬಂದವನ ಕೈಯಲ್ಲಿರುವ ಚೀಲ, ಮುಖದ ಮೇಲಿನ ಗಾಬರಿ ಇಷ್ಟನ್ನು ನೋಡಿ, ಅವನು ‘ಸಾರ್’ ಎಂದು ಬಾಯಿ ತೆರೆಯುವಷ್ಟರಲ್ಲಿ ‘ಎಂಟೂ ಕಾಲು, ಪ್ಲಾಟ್‌ಫಾರ್ಮ್ ಮೂರು’ ಎಂದು ಉತ್ತರ ಕೊಟ್ಟು ಕಳಿಸುತ್ತಿದ್ದರು. ಹತ್ತರಲ್ಲಿ ಒಂಬತ್ತು ಸಲ ಅದು ಸರಿಯಾಗಿಯೇ ಇರುತ್ತಿತ್ತು. ಹತ್ತನೆಯವನು, ಪಾಪ, ಯಾವುದೋ ಊರಿಗೆ ಹೋಗಿ ಇಳಿಯುತ್ತಿದ್ದ.

ಡಿಪೋದಲ್ಲಿ ಎಲ್ಲರೂ ಅವರನ್ನು ‘ವಿಚಾರಣೆಯವರು’ ಎಂದೇ ಕರೆಯುತ್ತಿದ್ದರು. ಮನೆಯಲ್ಲೂ ಅವರದು ಅದೇ ಕಿಟಕಿ. ಮಗಳು ‘ಅಪ್ಪ, ನಾಳೆ ಕಾಲೇಜಲ್ಲಿ’ ಎಂದರೆ ಜೇಬಿನಿಂದ ಫೀಸಿನ ದುಡ್ಡು ಹೊರಬರುತ್ತಿತ್ತು. ಅವಳು ಹೇಳಹೊರಟಿದ್ದು ತನಗೆ ಬಹುಮಾನ ಬಂದಿದೆ ಎಂಬುದನ್ನು. ದುಡ್ಡು ಬಂದದ್ದೂ ಒಳ್ಳೆಯದೇ ಆಯಿತೆಂದು ಅವಳು ಇಟ್ಟುಕೊಂಡಳು. ಹೆಂಡತಿಗೆ ಮಾತ್ರ ಅಂಥ ಲಾಭ ಯಾವುದೂ ಆಗಿರಲಿಲ್ಲ.

ಮೂರು ವಾರಗಳಿಂದ ಆಕೆ ದಿನಕ್ಕೊಮ್ಮೆ ಬಂದು ಎದುರಿಗೆ ನಿಂತು, ‘ನಿಮ್ಮತ್ರ ಒಂದು ಮಾತು ಹೇಳ್ಬೇಕಿತ್ತು’ ಎನ್ನುತ್ತಿದ್ದಳು. ಒಂದು ದಿನ ವಿಚಾರಣೆಯವರು ಗ್ಯಾಸ್ ಬುಕ್ ಮಾಡಿದರು. ಇನ್ನೊಂದು ದಿನ ಸೋರುವ ನಲ್ಲಿಗೆ ವಾಷರ್ ತಂದರು. ಮತ್ತೊಂದು ದಿನ ಆಕೆ ಅಟ್ಟದಿಂದ ಸೂಟ್‌ಕೇಸ್ ಇಳಿಸಿಟ್ಟುಕೊಂಡು, ಅಕ್ಕನ ಮನೆಗೆ ಹೊರಟಿದ್ದೇನೆ ಎಂದು ಶುರು ಮಾಡಿದಳು. ವಿಚಾರಣೆಯವರು ಪೇಪರಿನಿಂದ ತಲೆ ಎತ್ತದೆ ಹೇಳಿದರು:

‘ಸೋಮವಾರ ಏಳೂ ಹತ್ತರದ್ದು ಹಿಡಿ. ಪ್ಲಾಟ್‌ಫಾರ್ಮ್ ನಾಲ್ಕು. ಡ್ರೈವರ್‌ಗೆ ಹೇಳಿರ್ತೀನಿ, ಕಿಟಕಿ ಪಕ್ಕ ಸೀಟು ಸಿಗುತ್ತೆ.’

ಆಕೆ ಒಂದು ಕ್ಷಣ ಅವರ ಮುಖ ನೋಡುತ್ತ ನಿಂತು ಒಳಗೆ ಹೋದಳು. ಎಷ್ಟು ಅನುಕೂಲ ಮಾಡಿಕೊಟ್ಟೆ ಎಂದು ಇವರು ಕಾಲ ಮೇಲೆ ಕಾಲು ಹಾಕಿಕೊಂಡರು. ಮಗಳು ಬಂದು ಪೇಪರು ಕಿತ್ತುಕೊಂಡಳು. ಅಮ್ಮ ಸೂಟ್‌ಕೇಸಿನಲ್ಲಿ ಮಳೆಗಾಲದ್ದನ್ನೂ ಚಳಿಗಾಲದ್ದನ್ನೂ ತುಂಬಿದ್ದಾಳೆ, ಎರಡು ದಿನಕ್ಕೆ ಹೋಗುವವರು ಸ್ವೆಟರ್ ಇಟ್ಟುಕೊಳ್ಳುವುದಿಲ್ಲ, ಒಂದೇ ಒಂದು ಸಲ ಅವಳ ಮಾತನ್ನು ಕೊನೆಯ ತನಕ ಕೇಳು ಎಂದಳು. ಕೇಳಬೇಕೆಂದು ವಿಚಾರಣೆಯವರು ನಿರ್ಧಾರವನ್ನೂ ಮಾಡಿದರು. ಮರುದಿನ ಆಕೆ ‘ಒಂದು ಮಾತು’ ಎಂದ ಕೂಡಲೇ ‘ಗೊತ್ತು, ಗೊತ್ತು, ಹೇಳು, ಸ್ವೆಟರ್ ವಿಷಯ ತಾನೇ’ ಎಂದುಬಿಟ್ಟರು. ಬಾಯಿಯೆನ್ನುವುದು ಅವರ ಕೈಯಲ್ಲಿರಲಿಲ್ಲ.

ಇದೇ ಹೊತ್ತಿಗೆ ಡಿಪೋದ ಬೆಳ್ಳಿಹಬ್ಬ ಬಂತು, ಅದಕ್ಕೊಂದು ನಾಟಕವೂ ಬಂತು. ಆಡಿಸುವವರು ನಿವೃತ್ತ ಕಂಡಕ್ಟರ್. ಟಿಕೆಟ್ ಹರಿಯುತ್ತಲೇ ಪದ್ಯ ಬರೆಯುತ್ತಿದ್ದ ಆಸಾಮಿ. ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ವಿಚಾರಣೆಯವರಿಗೆ ಪದ್ಯ, ನಾಟಕ ಎಂದರೆ ಅಷ್ಟಕ್ಕಷ್ಟೇ. ಪದ್ಯದಲ್ಲಿ ಅರ್ಧ ಕಾಗದ ಖಾಲಿ ಬಿಡುತ್ತಾರೆ, ನಾಟಕದಲ್ಲಿ ಎರಡು ಗಂಟೆ ತೆಗೆದುಕೊಂಡು ಹೇಳುವುದನ್ನು ನಾನು ಕಿಟಕಿಯಲ್ಲಿ ಎರಡು ಸೆಕೆಂಡಿನಲ್ಲಿ ಹೇಳುತ್ತೇನೆ ಎನ್ನುವುದು ಅವರ ವಾದ. ಆದರೆ ಕಂಚಿನ ಕಂಠ, ಓದಿನಲ್ಲಿ ಒಂದಕ್ಷರ ತಪ್ಪುವುದಿಲ್ಲ ಎಂಬ ಕಾರಣಕ್ಕೆ ಮೇಷ್ಟ್ರು ಅವರನ್ನೇ ಪ್ರಾಂಪ್ಟರ್ ಮಾಡಿದರು. ಸೈಡ್‌ವಿಂಗಿನಲ್ಲಿ ವೇದಿಕೆಯ ಬದಿಯ ಮರೆಯಲ್ಲಿ ಪುಸ್ತಕ ಹಿಡಿದು ನಿಂತು, ಮರೆತವರಿಗೆ ಮಾತು ಎತ್ತಿಕೊಡುವ ಕೆಲಸ. ಇದಕ್ಕಿಂತ ದೊಡ್ಡ ತಪ್ಪನ್ನು ಮೇಷ್ಟ್ರು ತಮ್ಮ ಇಡೀ ಸರ್ವೀಸಿನಲ್ಲಿ ಮಾಡಿರಲಿಲ್ಲ.

ನಾಟಕದ ಕೊನೆಯ ದೃಶ್ಯ ಹೀಗೆ: ಹನ್ನೆರಡು ವರ್ಷದ ಹಿಂದೆ ಮನೆ ಬಿಟ್ಟುಹೋದ ಗಂಡ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಹೆಂಡತಿ ಅವನನ್ನು ನೋಡುತ್ತ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರುತ್ತಾಳೆ. ಆಮೇಲೆ ‘ಊಟ ಆಯ್ತಾ?’ ಎನ್ನುತ್ತಾಳೆ. ಗಂಡ ಒಂದೂವರೆ ಪುಟದ ಮಾತಿನಲ್ಲಿ ತನ್ನ ಕಥೆಯೆಲ್ಲ ಹೇಳಿಕೊಳ್ಳುತ್ತಾನೆ. ಗಂಡನಾಗಿ ಟೈರ್ ಸೆಕ್ಷನ್ನಿನ ಮೆಕ್ಯಾನಿಕ್, ಹೆಂಡತಿಯಾಗಿ ಪಾಸ್ ಕೌಂಟರಿನ ಹೆಂಗಸು.

ಮೊದಲ ದಿನ ಆಕೆ ಸುಮ್ಮನಾದಳೋ ಇಲ್ಲವೋ, ‘ಊಟ ಆಯ್ತಾ?’ ಎಂದು ಸೈಡ್‌ವಿಂಗಿನಿಂದ ಗುಡುಗು ಬಂತು. ಮೆಕ್ಯಾನಿಕ್ ಬೆಚ್ಚಿಬಿದ್ದು ಅತ್ತ ತಿರುಗಿ, ‘ಆಯ್ತು ಸಾರ್’ ಎಂದ. ಎರಡನೆಯ ದಿನವೂ ಅದೇ ಕಥೆ. ಮೂರನೆಯ ದಿನ ಮೇಷ್ಟ್ರು ಪುಸ್ತಕ ತೆಗೆದುಕೊಂಡು ಆ ಜಾಗದಲ್ಲಿ ಕೆಂಪು ಶಾಯಿಯಲ್ಲಿ ‘ಮೌನ’ ಎಂದು ಬರೆದುಕೊಟ್ಟರು. ಆ ದಿನ ಆಕೆ ಸುಮ್ಮನಾದ ಕೂಡಲೇ ವಿಚಾರಣೆಯವರು ಗಟ್ಟಿಯಾಗಿ, ಸ್ಪಷ್ಟವಾಗಿ ಎತ್ತಿಕೊಟ್ಟರು: ‘ಮೌನ.’

ಮೇಷ್ಟ್ರು ಹಣೆ ಚಚ್ಚಿಕೊಂಡು ಅವರನ್ನು ಹೊರಗೆ ಕರೆದುಕೊಂಡು ಹೋದರು. ಕೆಟ್ಟು ನಿಂತ ಬಸ್ಸೊಂದರ ಮೆಟ್ಟಿಲ ಮೇಲೆ ಇಬ್ಬರೂ ಕೂತರು.

‘ಅವಳು ಮರೆತಿಲ್ಲ ಸ್ವಾಮಿ. ಬಾಯಿಗೆ ಬಂದ ಹತ್ತು ಮಾತು ನುಂಗಿ ಹನ್ನೊಂದನೇದು ಹುಡುಕ್ತಿದ್ದಾಳೆ. ಹನ್ನೆರಡು ವರ್ಷದ್ದು ಅದು, ಸಲೀಸಾಗಿ ಸಿಗಲ್ಲ.’

‘ಮರೆತಿದ್ದಾಳೋ ಹುಡುಕ್ತಿದ್ದಾಳೋ ನನಗೆ ಹೇಗೆ ಗೊತ್ತಾಗ್ಬೇಕು ಮೇಷ್ಟ್ರೇ?’ ಎಂದರು ವಿಚಾರಣೆಯವರು. ನಿಜವಾಗಿಯೂ ಗೊತ್ತಿಲ್ಲದೆ ಅವರು ಕೇಳಿದ ಪ್ರಶ್ನೆ ಬಹುಶಃ ಅದೊಂದೇ.

‘ಸುಲಭ. ಮರೆತವರು ಸೈಡ್‌ವಿಂಗ್ ಕಡೆ ನೋಡ್ತಾರೆ. ಹುಡುಕೋರು ಎದುರಿಗಿರೋರ ಮುಖಾನೇ ನೋಡ್ತಾರೆ. ಆಗ ನಾವು ಬಾಯಿ ಮುಚ್ಕೊಂಡಿರ್ಬೇಕು.’

ವಿಚಾರಣೆಯವರಿಗೆ ಅವತ್ತು ರಾತ್ರಿ ಊಟ ಸೇರಲಿಲ್ಲ. ಪೇಪರು ಹಿಡಿದು ಕೂತಾಗ ಎದುರಿಗೆ ನಿಂತು ತಮ್ಮ ಮುಖವನ್ನೇ ನೋಡುತ್ತಿದ್ದ ಹೆಂಡತಿ ಕಣ್ಣಿಗೆ ಕಟ್ಟಿದಂತಾಯಿತು. ಆದರೆ ಆಕೆ ಈಗ ‘ಒಂದು ಮಾತು’ ಎನ್ನುವುದನ್ನೇ ನಿಲ್ಲಿಸಿದ್ದಳು. ಸೂಟ್‌ಕೇಸ್ ಬಾಗಿಲ ಪಕ್ಕಕ್ಕೆ ಬಂದಿತ್ತು.

ಭಾನುವಾರ ಮಧ್ಯಾಹ್ನ ನಾಟಕ. ವರ್ಕ್‌ಶಾಪಿನ ಶೆಡ್ಡಿನಲ್ಲಿ ಕಾಲಿಡಲು ಜಾಗವಿಲ್ಲ. ಮೂರನೆಯ ಸಾಲಿನಲ್ಲಿ ಮಗಳ ಪಕ್ಕ ಹೆಂಡತಿ ಕೂತಿದ್ದಳು. ಕೊನೆಯ ದೃಶ್ಯ ಬಂತು. ಪಾಸ್ ಕೌಂಟರಿನ ಹೆಂಗಸು ಬಾಗಿಲಲ್ಲಿ ನಿಂತವನನ್ನು ನೋಡಿ ಸುಮ್ಮನಾದಳು. ವಿಚಾರಣೆಯವರು ಪುಸ್ತಕವನ್ನೇ ಬಾಯಿಗೆ ಒತ್ತಿ ಹಿಡಿದುಕೊಂಡರು. ಹತ್ತಾಯಿತು, ಹದಿನೈದಾಯಿತು. ಆಕೆ ಎದುರಿಗಿದ್ದವನನ್ನೇ ನೋಡುತ್ತಿದ್ದಳು. ವಿಚಾರಣೆಯವರ ಕಣ್ಣು ಮೂರನೆಯ ಸಾಲಿಗೆ ಹೋಯಿತು. ಹೆಂಡತಿ ಸೆರಗಿನ ತುದಿ ಹಿಡಿದು ಮುಂದಕ್ಕೆ ಬಾಗಿ ಕೂತಿದ್ದಳು, ವೇದಿಕೆಯ ಮೇಲಿನ ಹೆಂಗಸಿಗೆ ಆ ಮಾತು ಸಿಕ್ಕರೆ ತನಗೂ ಸಿಕ್ಕಿದ ಹಾಗೆ. ತಾನು ಈಕೆಯ ಎಷ್ಟು ಮಾತು ತಿಂದುಹಾಕಿದ್ದೇನೆ ಎಂದುಕೊಂಡರು ವಿಚಾರಣೆಯವರು. ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯಿತು.

‘ಊಟ ಆಯ್ತಾ?’ ಎಂದಳು ಪಾಸ್ ಕೌಂಟರಿನ ಹೆಂಗಸು.

ಈಗ ಮೆಕ್ಯಾನಿಕ್ ಒಂದೂವರೆ ಪುಟ ಹೇಳಬೇಕು. ಅವನಿಗೆ ಒಂದಕ್ಷರವೂ ನೆನಪಾಗಲಿಲ್ಲ. ಅವನು ಮೇಷ್ಟ್ರು ಹೇಳಿದಂತೆಯೇ ಸೈಡ್‌ವಿಂಗಿನ ಕಡೆ ನೋಡಿದ. ಅಲ್ಲಿ ಪ್ರಾಂಪ್ಟರ್ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದರು. ಜೀವಮಾನದಲ್ಲಿ ಒಮ್ಮೆ ಅವರ ಬಾಯಿ ಬೇಕಾಗಿತ್ತು, ಆಗಲೇ ಅದು ಕೈಕೊಟ್ಟಿತು. ಮೆಕ್ಯಾನಿಕ್ ಬೇರೆ ದಾರಿ ಕಾಣದೆ ತಲೆ ತಗ್ಗಿಸಿ, ‘ಇಲ್ಲ’ ಎಂದ.

ಪರದೆ ಎಳೆಯುವವನಿಗೆ ಅಷ್ಟೇ ಸಾಕಾಯಿತು. ಚಪ್ಪಾಳೆಗೆ ತಗಡಿನ ಮಾಡು ನಡುಗಿತು. ಮೇಷ್ಟ್ರು ತಮ್ಮ ಒಂದೂವರೆ ಪುಟ ಹೋಯಿತೆಂದು ಸಿಟ್ಟಾಗಬೇಕೋ, ಹೋದದ್ದೇ ಒಳ್ಳೆಯದಾಯಿತೆಂದು ಒಪ್ಪಿಕೊಳ್ಳಬೇಕೋ ತಿಳಿಯದೆ ಒದ್ದಾಡಿದರು.

ಸಂಜೆ ಮನೆಗೆ ಬಂದಾಗ ಸೂಟ್‌ಕೇಸ್ ಅಲ್ಲೇ ಇತ್ತು. ಮಗಳು ಜಾಣೆ, ಗೆಳತಿಯ ನೆಪ ಹೇಳಿ ಹೊರಟುಹೋದಳು. ಹೆಂಡತಿ ಎದುರಿನ ಕುರ್ಚಿಯಲ್ಲಿ ಕೂತು, ‘ನಿಮ್ಮತ್ರ ಒಂದು ಮಾತು’ ಎಂದಳು.

ವಿಚಾರಣೆಯವರು ನಾಲಿಗೆಯನ್ನು ಹಲ್ಲಿನಡಿ ಹಿಡಿದುಕೊಂಡರು. ಆಕೆ ಅವರ ಮುಖವನ್ನೇ ನೋಡುತ್ತಿದ್ದಳು. ಹತ್ತಾಯಿತು, ಇಪ್ಪತ್ತಾಯಿತು, ನಲವತ್ತಾಯಿತು.

‘ಇನ್ನು ವಾಪಸ್ ಬರಲ್ಲ ಅಂತ ಹೇಳೋಕೆ ಮೂರು ವಾರದಿಂದ ಓಡಾಡ್ತಿದ್ದೀನಿ’ ಎಂದಳು. ‘ನನ್ನ ಪಾಲಿನ ಮಾತೆಲ್ಲ ನೀವೇ ಆಡಿ ಮುಗಿಸಿದ್ದೀರಿ. ಬಿಟ್ಟು ಹೋಗ್ತೀನಿ ಅನ್ನೋದನ್ನೂ ಪೂರ್ತಿ ಹೇಳೋಕೆ ಬಿಡ್ಲಿಲ್ಲವಲ್ರೀ.’

ಅವರಿಗೆ ಜೀವವೇ ಬಾಯಿಗೆ ಬಂತು. ಬಂದದ್ದನ್ನು ಹಾಗೇ ನುಂಗಿಕೊಂಡರು. ಆಕೆ ಮಾತಾಡಿದಳು. ಮದುವೆಯಾದ ವಾರವೇ ಅರ್ಧಕ್ಕೆ ನಿಂತ ಮಾತಿನಿಂದ ಶುರು ಮಾಡಿದಳು. ಮೊನ್ನೆಯ ವಾಷರಿನ ತನಕ ಬರುವಷ್ಟರಲ್ಲಿ ದೀಪ ಹಾಕುವ ಹೊತ್ತಾಯಿತು. ನಡುವೆ ಆಕೆ ಎರಡು ಸಲ ಅತ್ತಳು, ಒಂದು ಸಲ ನಕ್ಕಳು. ವಿಚಾರಣೆಯವರು ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿದ ಹೆಂಗಸಿನ ಪರಿಚಯ ಮಾಡಿಕೊಳ್ಳುತ್ತ ಕೂತಿದ್ದರು.

ಕೊನೆಗೆ ಆಕೆ ಎದ್ದು ಸೂಟ್‌ಕೇಸ್ ತೆರೆದು ಸ್ವೆಟರ್ ಹೊರಗೆ ತೆಗೆದಿಟ್ಟಳು. ಅಕ್ಕನಿಗೆ ಬರುತ್ತೇನೆಂದು ಮಾತು ಕೊಟ್ಟಾಗಿದೆ, ಹೋಗದೆ ಇರಲಾಗುವುದಿಲ್ಲ ಎಂದಳು. ಆಮೇಲೆ ಅವರ ಕಡೆ ತಿರುಗದೆ ಕೇಳಿದಳು:

‘ಅಲ್ಲಿಂದ ವಾಪಸ್ ಬರೋ ಬಸ್ ಎಷ್ಟೊತ್ತಿಗಿದೆ?’

ಬೆಳಗ್ಗೆ ಆರೂವರೆ, ಒಂಬತ್ತೂ ಇಪ್ಪತ್ತು, ಮಧ್ಯಾಹ್ನ ಎರಡೂ ಕಾಲು, ಸಂಜೆ ಐದು. ನಾಲ್ಕೂ ಬಸ್ಸುಗಳು ಅವರ ಗಂಟಲಿನ ತನಕ ಬಂದು ನಿಂತವು.

‘ನೀನು ಯಾವತ್ತು ಬರ್ಬೇಕು ಅಂತಿದ್ದೀಯ?’ ಎಂದು ಕೇಳಿ, ವಿಚಾರಣೆಯವರು ಉತ್ತರಕ್ಕಾಗಿ ಕಾದರು.